ಹನ್ನೊಂದು ಮನೆಗಳ ದಾರಿ

ನಮ್ಮೂರಿಗೆ ಹೊಸಬರು ಯಾರೇ ಬಂದರೂ ಮೊದಲು ಅವರ ಚಪ್ಪಲಿ ಬಿಡಿಸುತ್ತೇವೆ. ಇದು ಮಡಿ ಮೈಲಿಗೆಯ ಮಾತಲ್ಲ. ಬೆಳಿಗ್ಗೆ ಎರಡು ಗುಡ್ಡಗಳ ಸಂದಿಯಿಂದ ಸೂರ್ಯ ಇಣುಕಿದಾಗ, ಒಂದು ಲೋಟ ಕಾಫಿ ಆರುವಷ್ಟು ಹೊತ್ತು, ನಮ್ಮೂರಿನಲ್ಲಿ ಬಿಸಿಲು ಮನುಷ್ಯರ ಕಾಲುಗಳ ಒಳಗೆ ಹಾದುಹೋಗುತ್ತದೆ. ಪಾದ ಒಳಗಿನಿಂದ ಕೆಂಪಗೆ ಬೆಳಗುತ್ತದೆ. ರಕ್ತ ಎಲ್ಲಿಯವರೆಗೆ ಬಂತು, ಎಲ್ಲಿ ತಡೆಯಿತು ಎನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಎಮ್ಮೆ ಮೇಕೆಗಳಿಗೆ ಹೀಗಾಗುವುದಿಲ್ಲ. ಹೊಳೆ ದಾಟಿ ಆಚೆ ಹೋದರೆ ನಮಗೂ ಆಗುವುದಿಲ್ಲ.

ಅದಕ್ಕೇ ಒಂದೊಂದು ಬೀದಿಯಲ್ಲೂ ಪೂರ್ವಕ್ಕೆ ಮುಖ ಮಾಡಿದ ಉದ್ದನೆಯ ಕಲ್ಲುಕಟ್ಟೆ ಇದೆ. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಅಲ್ಲಿ ಕೂತು ಕಾಲು ನೀಡಿ, ಮೇಲೊಂದು ಟವೆಲ್ ಹೊದಿಸಿಕೊಳ್ಳಬೇಕು. ಪಕ್ಕದವರ ಟವೆಲಿನ ಕಡೆ ಕಣ್ಣು ಹಾಯಿಸುವುದು ಪಕ್ಕದವರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದಷ್ಟೇ ಅಸಭ್ಯ. ಟವೆಲ್ ಎತ್ತುವ ಹಕ್ಕು ಕಾಲು ನೋಡುವವಳಿಗೆ ಮಾತ್ರ. ಮೂಡಲ ಬೀದಿಯಲ್ಲಿ ಕಾಲು ನೋಡುವವಳು ನಾನು, ಚಿಕ್ಕತಾಯಮ್ಮ. ಪಡುವಲ ಬೀದಿಯಲ್ಲಿ ಪುಟ್ಟಗೌರಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು, ಎಲ್ಲರೂ ಗೌರಕ್ಕ ಅನ್ನುತ್ತಾರೆ. ನನ್ನ ಕಣ್ಣು ಅವಳ ಕಣ್ಣಿಗಿಂತ ಚುರುಕು ಎಂದು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮತ್ತೆ. ಕಲಿಸುವಾಗ ಒಂದೇ ಒಂದು ಕಟ್ಟಳೆ ಹಾಕಿದ್ದರು. ಊರವರ ಕಾಲೆಲ್ಲ ನೋಡು, ನಿನ್ನ ಮನೆಯವರ ಕಾಲು ಮಾತ್ರ ನೋಡಬೇಡ, ಅದನ್ನು ಇನ್ನೊಂದು ಬೀದಿಯವಳಿಗೆ ಬಿಡು ಎಂದು. ಯಾಕೆ ಎಂದು ಕೇಳಿದ್ದಕ್ಕೆ, ಕೇಳಬೇಡ ಎಂದಿದ್ದರು. ಹಾಗಾಗಿ ನಮ್ಮ ಯಜಮಾನರು ಮರಿಸ್ವಾಮಿ ಪಡುವಲ ಬೀದಿಯ ಕಟ್ಟೆಗೆ ಹೋಗಿ ಗೌರಕ್ಕನ ಮುಂದೆ ಕಾಲು ನೀಡುತ್ತಿದ್ದರು.

ನಮ್ಮ ಯಜಮಾನರು ಮಾರ್ಕೆಟ್ಟಿನ ಬಾಗಿಲಲ್ಲಿ ಸಾಣೆ ಹಿಡಿಯುತ್ತಾರೆ. ಕೆಳಗಿನ ಹಲಗೆಯನ್ನು ಕಾಲಿನಿಂದ ತುಳಿದರೆ ಮೇಲೆ ಸಾಣೆಕಲ್ಲು ತಿರುಗುತ್ತದೆ, ಕಿಡಿ ಹಾರುತ್ತದೆ. ಊರಿನ ಈಳಿಗೆಮಣೆ, ಕತ್ತರಿ, ಕುಡುಗೋಲು ಎಲ್ಲಕ್ಕೂ ಅವರ ಕಾಲೇ ಹರಿತ ಕೊಡಬೇಕು. ಮಾರ್ಕೆಟ್ಟಿನಿಂದ ನಮ್ಮ ಮನೆಗೆ ಒಂದೇ ನೇರ ದಾರಿ, ನಡುವೆ ಹನ್ನೊಂದು ಮನೆ. ಮದುವೆಯಾದ ಹೊಸದರಲ್ಲಿ ಆ ದಾರಿಯನ್ನು ಅವರು ಒಂದು ಬೀಡಿ ಸೇದುವಷ್ಟರಲ್ಲಿ ನಡೆದು ಬರುತ್ತಿದ್ದರು. ಮಾತು ಬಹಳ ಕಡಿಮೆಯ ಮನುಷ್ಯ. ಹೂಂ, ಉಹೂಂ ಬಿಟ್ಟರೆ ಮೂರನೆಯ ಮಾತು ಕೇಳಲು ಹಬ್ಬಕ್ಕಾಗಿ ಕಾಯಬೇಕಿತ್ತು.

ಅಂಥವರು ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಾತುಗಾರರಾದರು. ಮೊದಮೊದಲು ದಾರಿಯ ನಡುವೆ ಐದನೆಯ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ರಾಚಪ್ಪನವರ ಜಗುಲಿಯ ಮುಂದೆ ನಿಂತು ಮಳೆ ಬೆಳೆ ವಿಚಾರಿಸುತ್ತಿದ್ದರು. ಆಮೇಲೆ ಮೂರು ಮನೆಗೊಮ್ಮೆ ನಿಂತರು. ಒಂದು ವರ್ಷ ಕಳೆಯುವಷ್ಟರಲ್ಲಿ ಹನ್ನೊಂದು ಮನೆಗೂ ಒಂದೊಂದು ನಿಲುಗಡೆ. ಕುಂಬಳಕಾಯಿ ಬಳ್ಳಿ ಹಬ್ಬಿದ್ದರೆ ಅದಕ್ಕೆ ಎರಡು ಒಳ್ಳೆಯ ಮಾತು, ಕರು ಹಾಕಿದ್ದರೆ ಅದರ ಹೆಸರು, ಮಗುವಿಗೆ ಹಲ್ಲು ಬಂದಿದ್ದರೆ ಎಷ್ಟು ಬಂದಿವೆ ಎನ್ನುವ ಲೆಕ್ಕ. ಊರಿನವರಿಗೆಲ್ಲ ಅವರೆಂದರೆ ಪ್ರಾಣವಾಯಿತು. "ನಿಮ್ಮೆಜಮಾನ್ರಂಥ ಮನುಷ್ಯ ಇನ್ನೊಬ್ರಿಲ್ಲ ಕಣಮ್ಮ, ನಮ್ಮ ಮನೆ ಮುಂದೆ ನಿಲ್ದೆ ಹೋಗೋದೇ ಇಲ್ಲ" ಎಂದು ಕಟ್ಟೆಯ ಮೇಲೆ ಕೂತವರು ಹೇಳುವಾಗ ನಾನು ಉಬ್ಬುತ್ತಿದ್ದೆ. ಏಳನೆಯ ಮನೆಯ ಸುಂದರವಲ್ಲಿಯ ಗೇಟು ಹಿಡಿದುಕೊಂಡು ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತಾರೆಂದು ಗೊತ್ತಾದ ದಿನ ಮಾತ್ರ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅವರು ಏನೂ ಅನ್ನದೆ ಉಂಡರು.

ಅವರು ಮಾತುಗಾರರಾದ ಹೊಸದರಲ್ಲೇ ಸಾಣೆಯ ಹಲಗೆಯನ್ನು ಎಡಗಡೆಯಿಂದ ಬಲಗಡೆಗೆ ಬದಲಾಯಿಸಿಕೊಂಡಿದ್ದರು. ಕೇಳಿದ್ದಕ್ಕೆ, ಮರ ಸವೆದಿತ್ತು ಎಂದರು. ನಾನೂ ನಂಬಿದೆ. ಊರಿನವರ ಕಾಲಿನ ಉಗುರಿನ ಬಣ್ಣ ಸ್ವಲ್ಪ ಮಾಸಿದರೂ ಕಂಡುಹಿಡಿಯುವ ನನಗೆ ಅದು ಹೊಳೆಯಲಿಲ್ಲ.

ಗೌರಕ್ಕನಿಗೂ ನನಗೂ ಮಾತು ನಿಂತಿದ್ದೂ ಆಗಲೇ. ಒಂದು ಬೆಳಿಗ್ಗೆ ಆಕೆ ನಮ್ಮ ಯಜಮಾನರ ಟವೆಲ್ ಎತ್ತಿ ನೋಡಿ, ನೇರ ನಮ್ಮ ಬೀದಿಗೆ ಬಂದು, ನನ್ನ ಕಟ್ಟೆಯ ಮೇಲೆ ಇಪ್ಪತ್ತು ಜನ ಕೂತಿರುವಾಗಲೇ ಹೇಳಿದಳು. "ತಾಯಮ್ಮ, ನಿನ್ನ ಗಂಡನ ಎಡಗಾಲ ಹೆಬ್ಬೆರಳು ಮಂಕಾಗದೆ. ಬೀಡಿ ಬಿಡ್ಸು."

ಇಪ್ಪತ್ತು ಜನರ ಮುಂದೆ. ಕಾಲು ನೋಡುವವಳ ಗಂಡನಿಗೇ ಕಾಲು ಸರಿಯಿಲ್ಲ ಎಂದರೆ ನನ್ನ ಮರ್ಯಾದೆ ಏನಾಗಬೇಕು? ಕೋಪ ಮೊದಲೇ ನನ್ನ ಮೂಗಿನ ತುದಿಯಲ್ಲಿರುತ್ತದೆ. "ನಿನ್ನ ಕಣ್ಣೇ ಮಂಕಾಗದೆ ಗೌರಕ್ಕ, ಹೊಳೆಯಾಚೆ ಹೋಗಿ ಕನ್ನಡಕ ಹಾಕಿಸ್ಕೊ" ಅಂದುಬಿಟ್ಟೆ. ಆಕೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅಂದಿನಿಂದ ಯಜಮಾನರನ್ನು ಪಡುವಲ ಬೀದಿಗೆ ಕಳಿಸಲಿಲ್ಲ.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಬಿಸಿಲು ಬಿದ್ದಾಗ, ಗೌರಕ್ಕನ ಮಾತು ಸುಳ್ಳೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು, ಕಟ್ಟಳೆ ಮುರಿದು ಯಜಮಾನರ ಕಾಲಿನ ಮೇಲಿನ ಟವೆಲ್ ಎತ್ತಿ ನೋಡಿದೆ. ಎರಡೂ ಪಾದ ದಾಸವಾಳದ ಹಾಗೆ ಕೆಂಪಗಿದ್ದವು. ಹೆಬ್ಬೆರಳಿನ ತುದಿಯವರೆಗೂ ಕೆಂಪು. ನೋಡಿ ನಿರಾಳವಾದೆ. ಗೌರಕ್ಕನಿಗೆ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿ, ಯಜಮಾನರಿಗೆ ಸಂಜೆ ಪಾಯಸ ಮಾಡಿಹಾಕಿದೆ.

ಹೀಗಿರುವಾಗ ಈ ಸಲದ ಆಷಾಢದಲ್ಲಿ ಹನ್ನೆರಡು ದಿನ ಮೋಡ ಕದಲಲಿಲ್ಲ. ಬಿಸಿಲಿಲ್ಲದೆ ಕಟ್ಟೆಗಳೆಲ್ಲ ಖಾಲಿ. ಅದೇ ಸಮಯಕ್ಕೆ ಹೊಳೆಯಾಚೆಯ ಆಸ್ಪತ್ರೆಯಿಂದ ಫಿಲೋಮಿನಾ ಎಂಬ ನರ್ಸಮ್ಮ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದು, ಹಿಟ್ಟಿನ ಗಿರಣಿಯ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕೂತಳು. ಕಾಲಿನ ರಕ್ತಸಂಚಾರವನ್ನು ಬೆಳಕಿನಿಂದ ನೋಡುವ ಯಂತ್ರವಂತೆ. ನಮ್ಮೂರಿಗೆ ಬೆಳಕು ಹೊತ್ತು ತಂದಿದ್ದಾಳೆ ಎಂದು ಜನ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಆದರೆ ಮಧ್ಯಾಹ್ನವೇ ಅಲ್ಲಿಗೆ ಹೋದೆ. ಹೊಟ್ಟೆಪಾಡಿನ ಪ್ರಶ್ನೆ ನೋಡಿ.

ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಕ್ಲಿಪ್ಪುಗಳು, ಅವುಗಳೊಳಗೆ ಸಾಸಿವೆ ಕಾಳಿನಷ್ಟು ಕೆಂಪು ದೀಪ, ಅಲ್ಲಿಂದ ವೈರು, ಪೆಟ್ಟಿಗೆಯ ಮೇಲೆ ಅಂಗೈಯಗಲದ ಪರದೆ. ಕಾಲ್ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರೆ ಪರದೆಯ ಮೇಲೆ ಗೆರೆಯೊಂದು ಗುಡ್ಡದ ಸಾಲಿನಂತೆ ಏರಿ ಇಳಿದು ಓಡುತ್ತದೆ.

"ಇದೇನು ಮಾಡ್ತದೆ?" ಎಂದು ಗತ್ತಿನಿಂದಲೇ ಕೇಳಿದೆ.

"ಬೆರಳಿನೊಳಗೆ ಬೆಳಕು ಬಿಡ್ತೀವಿ ಅಮ್ಮ" ಎಂದಳು ಫಿಲೋಮಿನಾ. "ಎದೆ ಬಡಿದಾಗೆಲ್ಲ ಬೆರಳಿಗೆ ರಕ್ತ ನುಗ್ಗುತ್ತೆ. ಆಗ ಅದು ಬೆಳಕನ್ನ ಜಾಸ್ತಿ ಹೀರ್ಕೊಳ್ಳುತ್ತೆ. ರಕ್ತ ಇಳಿದಾಗ ಕಮ್ಮಿ ಹೀರ್ಕೊಳ್ಳುತ್ತೆ. ಆ ಹೆಚ್ಚುಕಮ್ಮೀನೇ ಈ ಗೆರೆ. ಗುಡ್ಡ ಎತ್ತರವಾಗಿದ್ರೆ ರಕ್ತ ಚೆನ್ನಾಗಿ ಬರ್ತಿದೆ ಅಂತ."

"ಅಂದ್ರೆ ನಾನು ಮಾಡೋದೇ."

"ಹೌದಂತೆ, ಕೇಳಿದೀನಿ. ಮೋಡ ಇದ್ದಾಗ ಕಷ್ಟ ಅಲ್ವಾ?"

ಅವಳು ಕುಹಕವಾಡಿದ್ದಲ್ಲ, ನಿಜವಾಗಿಯೂ ಕನಿಕರದಿಂದ ಕೇಳಿದಳು. ಅದು ಇನ್ನೂ ಕಷ್ಟವಾಯಿತು. ಸರಿ, ಪರೀಕ್ಷೆ ಮಾಡೋಣವೆಂದು ನನಗೆ ಚೆನ್ನಾಗಿ ಗೊತ್ತಿದ್ದ ಕಾಲುಗಳನ್ನು ಒಂದೊಂದಾಗಿ ಕರೆತಂದೆ. ಸುಂದರವಲ್ಲಿಯದು ತುಂಬು ಕೆಂಪಿನ ಕಾಲು, ಗುಡ್ಡ ಪರದೆ ದಾಟಿತು. ರಾಚಪ್ಪನವರದು ಬಲಗಾಲು ಸ್ವಲ್ಪ ಮಾಸಲು, ಗುಡ್ಡವೂ ಅಲ್ಲಿ ಸ್ವಲ್ಪ ತಗ್ಗಿತು. ಗಿರಣಿಯವನು, ಅವನ ತಂಗಿ, ಬಳೆ ಮಾರುವವಳು, ಎಲ್ಲರದೂ ನಾನು ಹೇಳಿದ್ದಕ್ಕೂ ಪೆಟ್ಟಿಗೆ ಹೇಳಿದ್ದಕ್ಕೂ ಹೊಂದಿಕೆಯಾಯಿತು. ಯಂತ್ರಕ್ಕೆ ಬುದ್ಧಿಯಿದೆ ಎಂದು ಒಪ್ಪಿಕೊಂಡೆ. ಜನರೆದುರು ಜೋರಾಗಿಯೇ ಒಪ್ಪಿಕೊಂಡೆ, ಅದೇ ಆಮೇಲೆ ನನ್ನನ್ನು ಸಿಕ್ಕಿಹಾಕಿಸಿತು.

ಯಾಕೆಂದರೆ ಅಷ್ಟರಲ್ಲಿ ನಮ್ಮ ಯಜಮಾನರು ಫಿಲೋಮಿನಾಳ ಬ್ಯಾಂಡೇಜ್ ಕತ್ತರಿಗೆ ಸಾಣೆ ಹಿಡಿದು ತಂದುಕೊಟ್ಟರು. ಎಲ್ಲರೂ ಇವರದೂ ನೋಡಿ ಎಂದರು. ಅವರು ಬೇಡ ಬೇಡ ಎಂದು ಹಿಂದೆ ಸರಿದರು. "ನಾಚ್ಕೋತಾರೆ, ಕೂರ್ಸಿ" ಎಂದು ನಾನೇ ತೋಳು ಹಿಡಿದು ಕೂರಿಸಿದೆ.

ಬಲಗಾಲಿನ ಹೆಬ್ಬೆರಳಿಗೆ ಒಂದು ಕ್ಲಿಪ್ಪು, ಎಡಗಾಲಿಗೆ ಇನ್ನೊಂದು. ಮೇಲಿನ ಗೆರೆಯಲ್ಲಿ ಒಳ್ಳೆಯ ಎತ್ತರದ ಗುಡ್ಡಗಳು. ಕೆಳಗಿನದು ಹೆಚ್ಚುಕಡಿಮೆ ಬಯಲು, ನಡುನಡುವೆ ಇರುವೆಗೂಡಿನಷ್ಟು ಉಬ್ಬು, ಅದೂ ಬಲಗಾಲಿಗಿಂತ ತಡವಾಗಿ ಬರುತ್ತಿತ್ತು.

"ಕ್ಲಿಪ್ಪು ಸಡಿಲ ಆಗದೆ" ಎಂದೆ. ಅವಳು ಬಿಚ್ಚಿ ಹಾಕಿದಳು. ಬಯಲೇ. "ಎರಡನ್ನೂ ಅದಲುಬದಲು ಮಾಡಮ್ಮ" ಎಂದೆ. ಮಾಡಿದಳು. ಗುಡ್ಡ ಬಲಗಾಲಿನಲ್ಲೇ ಉಳಿಯಿತು, ಬಯಲು ಎಡಗಾಲಿನಲ್ಲೇ. ಕಾಲು ತಣ್ಣಗಿರಬಹುದೆಂದು ಅವಳೇ ಕಂಬಳಿ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಳು. ಆಗಲೂ ಬದಲಾಗಲಿಲ್ಲ. "ಪೆಟ್ಟಿಗೆ ಕೆಟ್ಟೋಗದೆ" ಎಂದು ನನ್ನ ಬೆರಳಿಗೇ ಹಾಕಿಸಿಕೊಂಡೆ. ನನ್ನ ಗುಡ್ಡಗಳು ಓಡತೊಡಗಿದವು, ಎಲ್ಲರದಕ್ಕಿಂತ ಎತ್ತರವಾಗಿ, ಎಲ್ಲರದಕ್ಕಿಂತ ವೇಗವಾಗಿ.

ಫಿಲೋಮಿನಾ ಮೆಲ್ಲಗೆ ಕೇಳಿದಳು. "ಯಜಮಾನ್ರೇ, ನಡೆಯುವಾಗ ಎಡಗಾಲ ಮೀನಖಂಡ ಹಿಡ್ಕೊಳ್ಳುತ್ತಾ? ನಿಂತ್ರೆ ಕಮ್ಮಿಯಾಗುತ್ತಾ?"

ಅವರು ನನ್ನ ಕಡೆ ನೋಡಲಿಲ್ಲ. ಮಳೆಯ ಕಡೆ ನೋಡುತ್ತ ನಕ್ಕರು. "ನಿಲ್ಲೋಕೆ ಹನ್ನೊಂದು ಮನೆ ಇದಾವಲ್ಲಮ್ಮ" ಎಂದರು.

ಕುಂಬಳಬಳ್ಳಿ, ಕರು, ಮಗುವಿನ ಹಲ್ಲು, ಸುಂದರವಲ್ಲಿಯ ಗೇಟು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮಾತಿಗಾಗಿ ನಿಂತವರಲ್ಲ ಅವರು. ಕಾಲು ನೋಯುತ್ತಿತ್ತು, ನಿಲ್ಲಬೇಕಿತ್ತು, ಸುಮ್ಮನೆ ನಿಂತರೆ ಜನ ಕೇಳುತ್ತಾರಲ್ಲ, ಅದಕ್ಕೆ ಮಾತು ಕಲಿತರು. ಉಪ್ಪಿಲ್ಲದ ಸಾರು ನೆನಪಾಗಿ ಅಲ್ಲೇ ಅತ್ತುಬಿಟ್ಟೆ.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಹೇಳಿದ್ರೆ ನೀನು ಗೌರಕ್ಕನ ಮುಂದೆ ತಲೆ ತಗ್ಗಿಸ್ಬೇಕಾಗಿತ್ತಲ್ಲ ತಾಯಮ್ಮ" ಎಂದರು.

ನಮ್ಮತ್ತೆಯ ಕಟ್ಟಳೆಯ ಅರ್ಥ ಅಂದು ತಿಳಿಯಿತು. ಆ ಬೆಳಿಗ್ಗೆ ಹಿತ್ತಲಿನಲ್ಲಿ ನಾನು ಕಂಡ ಕೆಂಪು ಅವರ ಕಾಲಿನಲ್ಲಿ ಇರಲೇ ಇಲ್ಲ. ಇರಲಿ ಎಂದು ಬಯಸಿದ್ದೆ, ಕಣ್ಣು ಅದನ್ನೇ ತೋರಿಸಿತ್ತು. ಪರರ ಕಾಲಿನ ಬಗ್ಗೆ ನನಗೆ ಅಂಥ ಬಯಕೆಯೇನಿಲ್ಲವಾದ್ದರಿಂದ ಅವು ಇದ್ದ ಹಾಗೇ ಕಾಣುತ್ತವೆ.

ಮೋಡ ಬಿಟ್ಟ ಮೊದಲ ಬೆಳಿಗ್ಗೆ ಪಡುವಲ ಬೀದಿಗೆ ಹೋದೆ. ಕಟ್ಟೆಯ ಮೇಲೆ ಇಪ್ಪತ್ತಕ್ಕಿಂತ ಹೆಚ್ಚೇ ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಗೌರಕ್ಕ, ನಿನ್ನ ಕಣ್ಣಲ್ಲ, ನನ್ನ ಕಣ್ಣೇ ಮಂಕಾಗಿತ್ತು. ಬಂದು ಅವರ ಕಾಲು ನೋಡು."

ಗೌರಕ್ಕ ಟವೆಲುಗಳನ್ನೆಲ್ಲ ಹಾಗೇ ಬಿಟ್ಟು ಎದ್ದಳು. "ಎರಡು ವರ್ಷ ಬೇಕಾಯ್ತಾ ನಿಂಗೆ ಮೂಡಲ ಬೀದಿಯಿಂದ ಪಡುವಲ ಬೀದಿಗೆ ಬರೋಕೆ? ನಿನ್ನ ಗಂಡನೇ ವಾಸಿ, ನಿಂತ್ಕೊಂಡಾದ್ರೂ ಬೇಗ ಮನೆ ಸೇರ್ತಾನೆ" ಎಂದಳು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು ಅನ್ನಿ.

ಆಕೆ ನಮ್ಮ ಹಿತ್ತಲಿನಲ್ಲಿ ಟವೆಲ್ ಎತ್ತುವಾಗ ನಾನು ಬೆನ್ನು ತಿರುಗಿಸಿ ನಿಂತಿದ್ದೆ. "ಅವತ್ತು ಹೆಬ್ಬೆರಳೊಂದೇ ಮಂಕಾಗಿತ್ತು" ಎಂದಳು. "ಈಗ ಹಿಮ್ಮಡಿವರ್ಗೂ ಬೂದಿ ಬಣ್ಣ. ಇವತ್ತೇ ಹೊಳೆ ದಾಟ್ಸು."

ಅಂದೇ ದಾಟಿಸಿದೆ. ಆಸ್ಪತ್ರೆಯ ಡಾಕ್ಟರು ಇನ್ನೂ ಏನೇನೋ ಪರೀಕ್ಷೆ ಮಾಡಿ, ಕಾಲಿನ ರಕ್ತನಾಳ ಕಿರಿದಾಗಿದೆ ಎಂದರು. ಮಾತ್ರೆ ಬರೆದುಕೊಟ್ಟರು. ಇನ್ನು ಒಂದು ಬೀಡಿಯನ್ನೂ ಮುಟ್ಟಕೂಡದು. ಪಾದಕ್ಕೆ ಸಣ್ಣ ಗಾಯವೂ ಆಗದ ಹಾಗೆ ನೋಡಿಕೊಳ್ಳಬೇಕು, ಗಾಯವಾದರೆ ಮಾಯುವುದಿಲ್ಲ. ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ ಆಪರೇಷನ್ ಯೋಚಿಸಬೇಕು, ಹಾಗೇ ಬಿಟ್ಟರೆ ಪಾದವನ್ನೇ ಕಳೆದುಕೊಳ್ಳುವ ಅಪಾಯವಿದೆ ಎಂದರು. ಕಾಲಿಲ್ಲದೆ ಸಾಣೆಕಲ್ಲು ತಿರುಗುವುದಾದರೂ ಹೇಗೆ ಎಂದು ಯೋಚಿಸುತ್ತಿರುವಾಗ ಡಾಕ್ಟರು ಕೊನೆಯ ಔಷಧ ಹೇಳಿದರು. "ದಿನಾ ನಡೀಬೇಕು. ನೋವು ಬರೋವರೆಗೂ ನಡೀರಿ, ಬಂದಾಗ ನಿಲ್ಲಿ, ಹೋದಮೇಲೆ ಮತ್ತೆ ನಡೀರಿ. ಮುಕ್ಕಾಲು ಗಂಟೆ ಹೀಗೇ. ನಡೀತಾ ನಡೀತಾ ರಕ್ತ ತಾನೇ ಬೇರೆ ದಾರಿ ಮಾಡ್ಕೊಳ್ಳುತ್ತೆ."

ಯಜಮಾನರು ನನ್ನ ಮುಖ ನೋಡಿದರು. "ಇದನ್ನೇ ಅಲ್ವಾ ನಾನು ಮಾಡ್ತಿದ್ದಿದ್ದು?"

"ಬೀಡಿ ಸೇದ್ತಾ ಮಾಡ್ತಿದ್ರಿ" ಎಂದೆ.

ಔಷಧವನ್ನು ಊರು ತನ್ನ ಕೈಗೆ ತೆಗೆದುಕೊಂಡಿತು. ಮೊದಲು ಬೀಡಿ. ಅವರು ಏಳು ಮನೆಗಳ ಜಂತೆಯಲ್ಲಿ ಕಟ್ಟು ಬಚ್ಚಿಟ್ಟಿದ್ದರು. ಆಯಾ ಮನೆಯವರೇ ತಂದೊಪ್ಪಿಸಿ, ತಮಗೆ ಗೊತ್ತೇ ಇರಲಿಲ್ಲ ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿದರು. ನಂತರ ಗೌರಕ್ಕ ಮತ್ತು ನಾನು ಕೂತು ದಾರಿಗೆ ಕಟ್ಟುಪಾಡು ಮಾಡಿದೆವು. ಮೊದಲ ವಾರ ಹನ್ನೊಂದು ಮನೆಯಲ್ಲೂ ನಿಲ್ಲಬಹುದು. ಎರಡನೆಯ ವಾರದಿಂದ ಒಂದು ಮನೆ ಬಿಟ್ಟು ಒಂದು, ಇವತ್ತು ಬಿಟ್ಟ ಮನೆಗೆ ನಾಳೆ ಸರದಿ. ಬಿಟ್ಟ ಮನೆಯವರು ಅವರನ್ನು ಮಾತಾಡಿಸಕೂಡದು, ಆದರೆ ನೋವು ಜೋರಾಗಿ ನಿಂತೇಬಿಟ್ಟರೆ ಕುರ್ಚಿ ಹಾಕಬೇಕು. ನಿಂತ ಜಾಗಕ್ಕೆ ಸುಣ್ಣದಲ್ಲಿ ಗೀಟು ಹಾಕಬೇಕು. ಮುಕ್ಕಾಲು ಗಂಟೆಗೆ ಕಮ್ಮಿ ಬಿದ್ದಿದ್ದನ್ನು ಬೆಳಿಗ್ಗೆ ಹೋಗಿ ಬಂದು ಮಾಡಿ ತುಂಬಿಸಬೇಕು.

ಮಾತಾಡಿಸಬೇಡಿ ಎಂದರೆ ನಮ್ಮೂರಿನವರಿಗೆ ಊಟ ಬೇಡ ಎಂದಷ್ಟು ಕಷ್ಟ. ಮೂರನೆಯ ಮನೆಯಾಕೆ ಅವರು ಬರುವ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ರಾಚಪ್ಪನವರು ಬಾಯಿಯ ಮೇಲೆ ಟವೆಲ್ ಇಟ್ಟುಕೊಂಡು ಕೂತಿರುತ್ತಿದ್ದರು. ಮೂವತ್ತು ವರ್ಷದ ಹಿಂದೆ ತಾವು ಹೊಳೆಯ ನಡುವೆ ಅಂಚೆಚೀಲದ ಸಮೇತ ದೋಣಿಯಿಂದ ಬಿದ್ದ ಕಥೆಯನ್ನು ಯಜಮಾನರಿಗೆ ಕಂತುಕಂತಾಗಿ ಹೇಳುತ್ತಿದ್ದರು, ಅದು ಇನ್ನೂ ಚೀಲ ತೇಲಿಹೋಗುವ ಜಾಗವನ್ನು ದಾಟಿರಲಿಲ್ಲ. ಬೀಡಿಯಿಲ್ಲದ ಯಜಮಾನರು ಒಂದು ತಿಂಗಳು ಎಲ್ಲರ ಮೇಲೂ ಸಿಡುಕಿದರು. ನನ್ನ ಮೇಲೆ ಮಾತ್ರವಲ್ಲ, ಕುಂಬಳಕಾಯಿಯ ಮೇಲೂ. ನಾನೂ ಸಿಡುಕಿದೆ. ಆದರೆ ಅವರು ನಡೆಯುವುದನ್ನು ನಿಲ್ಲಿಸಲಿಲ್ಲ, ನಾನು ದಿನವೂ ಸಂಜೆ ಬಾಗಿಲಲ್ಲಿ ನಿಂತು ಸುಣ್ಣದ ಗೀಟುಗಳನ್ನು ನೋಡುವುದನ್ನೂ ನಿಲ್ಲಿಸಲಿಲ್ಲ. ಗೀಟುಗಳು ಮೆಲ್ಲಮೆಲ್ಲಗೆ ದೂರದೂರವಾಗತೊಡಗಿದವು. ಒಂದು ವಾರ ಮತ್ತೆ ಹತ್ತಿರವಾದವು, ಆ ವಾರ ನನಗೆ ಅನ್ನ ಸೇರಲಿಲ್ಲ.

ಮೂರು ತಿಂಗಳು ತುಂಬಲು ನಾಲ್ಕು ದಿನ ಇತ್ತು. ಬರುವ ಸೋಮವಾರ ಫಿಲೋಮಿನಾ ಪೆಟ್ಟಿಗೆ ತಂದು ನೋಡುವವಳಿದ್ದಳು. ಸಂಜೆ ನಾನು ಒಲೆಯ ಮುಂದೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಯಜಮಾನರು ಒಳಗೆ ಬಂದು ಕಾಲು ತೊಳೆದು ಕೂತರು. "ಇವತ್ತು ಬೇಗ ಬಂದ್ರಲ್ಲ" ಎಂದೆ, ಯೋಚಿಸದೆ. ಅವರು ಹೂಂ ಎಂದರು. ಕಾಫಿ ಕೊಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಸುಂದರವಲ್ಲಿ. ಮುಖ ಊದಿಸಿಕೊಂಡಿದ್ದಳು. "ತಾಯಕ್ಕ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಇವತ್ತು ನಮ್ಮ ಮನೆಯ ದಿನ. ಅಣ್ಣನಿಗೆ ಅಂತ ಮಜ್ಜಿಗೆ ಹಿಡ್ಕೊಂಡು ನಿಂತಿದ್ದೆ. ಗೇಟೂ ಮುಟ್ಟಲಿಲ್ಲ, ಹಂಗೇ ಹೋಗ್ಬಿಟ್ರು."

ಅವಳ ಹಿಂದೆಯೇ ಒಂಬತ್ತನೆಯ ಮನೆಯವರು. ಅವರದೂ ಅದೇ ದೂರು. ಆಮೇಲೆ ಮೊದಲನೆಯ ಮನೆಯಾಕೆ, ಸೊಂಟದ ಮೇಲೆ ಮಗು ಕೂರಿಸಿಕೊಂಡು. ಕೊನೆಗೆ ಕೋಲೂರಿಕೊಂಡು ರಾಚಪ್ಪನವರು ಬಂದರು. "ನೋಡಮ್ಮ, ವಯಸ್ಸಾದೋನು ಅನ್ನೋ ಗೌರವ ಬೇಡ್ವಾ? ಇವತ್ತು ನನ್ನ ಸರದಿ ಅಂತ ಬಾಯಿಂದ ಟವೆಲ್ ತೆಗೆದು, ಚೀಲ ತೇಲಿಹೋಯ್ತು ಅನ್ನೋವಷ್ಟರಲ್ಲಿ ಮನುಷ್ಯ ನನ್ನ ಮನೆ ದಾಟ್ಬಿಟ್ಟಿದ್ದಾನೆ. ಒಂದು ಮಾತಿಲ್ಲ, ಕತೆಯಿಲ್ಲ. ಗಂಡಂಗೆ ಸ್ವಲ್ಪ ಬುದ್ಧಿ ಹೇಳು."

ನಾನು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದೆ. "ನಿಮ್ಮ ಮನೆ ಮುಂದೆ ನಿಲ್ಲಲಿಲ್ವಾ?" ಎಂದು ಒಬ್ಬೊಬ್ಬರನ್ನೂ ಕೇಳಿದೆ. ಇಲ್ಲ ಎಂದರು. ನಿಮ್ಮ ಮನೆ ಮುಂದೆ? ಇಲ್ಲ. ದಾರಿಗೆ ಇಳಿದು ಮಾರ್ಕೆಟ್ಟಿನ ಬಾಗಿಲವರೆಗೂ ಹನ್ನೊಂದು ಮನೆಯಲ್ಲೂ ಕೇಳಿದೆ. ಎಲ್ಲಿಯೂ ಹೊಸ ಗೀಟು ಇರಲಿಲ್ಲ. ಎಲ್ಲರಿಗೂ ಬೇಜಾರಾಗಿತ್ತು. ನಾನು ಮಾತ್ರ ನಗುತ್ತ ಅಳುತ್ತ ವಾಪಸು ಬಂದೆ. ನನ್ನ ಬದುಕಿನಲ್ಲಿ ಅಷ್ಟು ಸಿಹಿಯಾದ ದೂರುಗಳನ್ನು ಕೇಳಿರಲಿಲ್ಲ.

ಸೋಮವಾರ ಪೆಟ್ಟಿಗೆಯೂ ಅದನ್ನೇ ಹೇಳಿತು, ಗೌರಕ್ಕನೂ ಅದನ್ನೇ ಹೇಳಿದಳು. ಎಡಗಾಲಿನ ಗುಡ್ಡ ಬಲಗಾಲಿನಷ್ಟು ಎತ್ತರವಿಲ್ಲ, ಆದರೆ ಗುಡ್ಡ ಎನ್ನಬಹುದು, ಮಾತ್ರೆ ಮತ್ತು ನಡಿಗೆ ಮುಂದುವರಿಯಲಿ, ಆಪರೇಷನ್ ಸದ್ಯಕ್ಕೆ ಬೇಡ ಎಂದು ಹೊಳೆಯಾಚೆಯಿಂದ ಮಾತು ಬಂತು. ಟವೆಲ್ ಎತ್ತುವಾಗ ನಾನು ಹಿಂದಿನಂತೆ ಬೆನ್ನು ತಿರುಗಿಸಿಯೇ ನಿಂತಿದ್ದೆ.

ಆದರೆ ಅದೆಲ್ಲ ಸೋಮವಾರದ್ದು. ನನಗೆ ನೆನಪಿರುವುದು ಆ ಸಂಜೆ. ದೂರು ತಂದವರು ಇನ್ನೂ ಅಂಗಳದಲ್ಲೇ ಇದ್ದರು. ಯಜಮಾನರು ಕಾಫಿ ಲೋಟ ಕೆಳಗಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಊಟದ ಹೊತ್ತಿಗೆ ಎಲ್ಲಿಗೆ ಹೊರಟ್ರಿ?" ಎಂದೆ. "ಕಾಲು ನೋಯ್ತಾ ಇಲ್ವಲ್ಲ, ಇನ್ಯಾಕೆ ನಿಂತು ಮಾತಾಡ್ಬೇಕು?"

"ಚೀಲ ಏನಾಯ್ತು ಅಂತ ಗೊತ್ತಾಗ್ಬೇಡ್ವಾ?" ಎಂದರು. ರಾಚಪ್ಪನವರ ತೋಳು ಹಿಡಿದುಕೊಂಡು ನಿಧಾನವಾಗಿ ದಾರಿಗೆ ಇಳಿದರು. ಹೋಗುತ್ತ ಸುಂದರವಲ್ಲಿಯ ಮಜ್ಜಿಗೆ ಕುಡಿದರು, ಮಗುವಿನ ಹಲ್ಲು ಎಣಿಸಿದರು, ಕುಂಬಳಕಾಯಿಯ ಹತ್ತಿರವೂ ರಾಜಿಯಾದರು. ಸಾರು ಎರಡು ಸಲ ಬಿಸಿ ಮಾಡಿದೆ, ಮೂರನೆಯ ಸಲ ಮಾಡಲಿಲ್ಲ. ಒಲೆ ಆರಿಸಿ, ನಾನೂ ಚಪ್ಪಲಿ ಮೆಟ್ಟಿಕೊಂಡು ಹೋಗಿ ರಾಚಪ್ಪನವರ ಜಗುಲಿಯಲ್ಲಿ ಯಜಮಾನರ ಪಕ್ಕ ಕೂತೆ.